ಎರಡು ಸುತ್ತು, ಒಣ

ಹೊನ್ನಾಳಿಯ ಸೇತುವೆಯ ಮೇಲೆ ಇಡೀ ಎಂಜಿನ್ ದಾಟಿಸಲು ಆಗುವುದಿಲ್ಲ ಎಂದು ರಸ್ತೆಯ ಕಚೇರಿಯವರು ಬರೆದುಕೊಟ್ಟರು. ಅವತ್ತೇ ಅದನ್ನು ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ಹರಿಹರದ ಯಾರ್ಡಿನ ಒಂದು ಮೂಲೆಯ ಹಳಿಯ ಮೇಲೆ, ಜಾಲಿ ಗಿಡಗಳ ನಡುವೆ ನಿಂತಿತ್ತು ಅದು. ಮೀಟರ್ ಗೇಜಿನ ಚಿಕ್ಕ ಡೀಸೆಲ್ ಎಂಜಿನ್. ಎಲ್ಲ ಕಡೆ ಕಲ್ಲಿದ್ದಲಿನ ಹೊಗೆ ಇದ್ದ ಕಾಲದಲ್ಲೇ ಹೊರದೇಶದಿಂದ ಬಂದದ್ದು. ಮೂರು ನಾಲ್ಕು ಡಬ್ಬಿಯ ಪ್ಯಾಸೆಂಜರ್ ಗಾಡಿ ಎಳೆಯುತ್ತಲೇ ಅದರ ಆಯುಸ್ಸು ಕಳೆದಿತ್ತು. ಬಿಡಿಭಾಗ ಸಿಗುವುದು ನಿಂತ ಮೇಲೆ ನಿವೃತ್ತಿ ಕೊಟ್ಟರು. ಗುಜರಿಗೆ ಹೋಗಬೇಕಿದ್ದ ಅದನ್ನು ನಮ್ಮ ಪ್ರಾಂಶುಪಾಲರು ಹತ್ತಾರು ಕಾಗದ ಬರೆದು, ನ್ಯಾಮತಿಯ ನಮ್ಮ ತರಬೇತಿ ಕೇಂದ್ರದಲ್ಲಿ ಪಾಠಕ್ಕೆ ಬೇಕೆಂದು ಕೇಳಿ ಪಡೆದಿದ್ದರು. ನಾನು ಅಲ್ಲಿ ಡೀಸೆಲ್ ವಿಭಾಗದ ಬೋಧಕ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ.

ಸ್ಪ್ಯಾನರ್ ಪೆಟ್ಟಿಗೆ ಹೊತ್ತು ಯಾರ್ಡಿಗೆ ಹೋದ ಮೊದಲ ದಿನ, ಎಂಜಿನ್ನಿನ ಮೆಟ್ಟಿಲ ಮೇಲೆ ಒಬ್ಬರು ಕೂತು ಕಡಲೆಬೀಜ ತಿನ್ನುತ್ತಿದ್ದರು. ಎತ್ತರದ ಆಳು, ಮಾಸಿದ ಖಾಕಿ ಕೋಟು. ನನ್ನನ್ನು ನೋಡಿದವರೇ ಕೇಳಿದರು:

"ಬಿಚ್ಚಾಕೆ ಬಂದೋರು ನೀವೇನ್ರಿ?"

"ಹೌದು. ನೀವು?"

"ನಾನು ಇದನ್ನ ಓಡಿಸಿದೋನು. ಹದಿನೆಂಟು ವರ್ಷ. ನಾವಿಬ್ರೂ ಒಂದೇ ವರ್ಷ ರಿಟೈರು. ನನಗೆ ಒಂದು ಶಾಲು ಹೊದಿಸಿದ್ರು. ಇದಕ್ಕೆ ಅದೂ ಇಲ್ಲ."

ಅವರ ಊರು ಜಗಳೂರು. ಎಂಜಿನ್ ಎಲ್ಲಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ ನೋಡಲು ಬಂದವರು, ಬಿಚ್ಚುವುದು ಮುಗಿಯುವ ತನಕ ಅಲ್ಲೇ ಉಳಿದುಬಿಟ್ಟರು. ಸ್ಟೇಷನ್ನಿನ ಹಿಂದೆ ಅವರ ಹಳೆಯ ಜೊತೆಗಾರರೊಬ್ಬರ ಮನೆಯಲ್ಲಿ ಮಲಗುತ್ತಿದ್ದರು. ಯಾವ ಬೋಲ್ಟು ಎಡಕ್ಕೆ ತಿರುಗುತ್ತದೆ, ಯಾವ ಪೈಪಿನಲ್ಲಿ ಇನ್ನೂ ಎಣ್ಣೆ ನಿಂತಿರುತ್ತದೆ ಎಂಬುದು ಪುಸ್ತಕಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ನಾನು ಪ್ರತಿ ನಟ್ಟಿಗೂ ಚೀಟಿ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಿಚ್ಚುತ್ತಿದ್ದೆ. ಅವರಿಗೆ ನಗು. "ಮದುವೆ ಮನೀ ಪಾತ್ರೆ ಲೆಕ್ಕ ಬರ್ಕಂಡಂಗೆ ಬರ್ಕಂತೀರಲ್ರಿ" ಎನ್ನುತ್ತಿದ್ದರು.

ಮೂರು ಟ್ರೇಲರ್ ಬೇಕಾದವು. ಚಕ್ರಗಳ ಗಾಡಿ ಒಂದರಲ್ಲಿ, ಮೇಲಿನ ಒಡಲು ಒಂದರಲ್ಲಿ, ಆರು ಸಿಲಿಂಡರಿನ ಡೀಸೆಲ್ ಯಂತ್ರ ಇನ್ನೊಂದರಲ್ಲಿ. ಒಡಲು ಹೊತ್ತ ಟ್ರೇಲರ್ ಹೊನ್ನಾಳಿಯ ಸೇತುವೆಗೆ ಬಂದಾಗ ಜಗಳೂರಿನವರು ಕೆಳಗಿಳಿದು, ಚೀಲದಿಂದ ತಮ್ಮ ಹಳೆಯ ಹಸಿರು ಬಾವುಟ ತೆಗೆದು, ಅದರ ಮುಂದೆ ನಡೆಯತೊಡಗಿದರು. ಯಾರೂ ಹೇಳಿರಲಿಲ್ಲ. ಎದುರಿನ ಬಸ್ಸು ನಿಂತಿತು. ಕಿಟಕಿಯಿಂದ ಒಬ್ಬ ಕೂಗಿದ:

"ಏನ್ರೀ ಯಜಮಾನ್ರೇ, ರೈಲು ದಾರಿ ತಪ್ಪಿಸ್ಕಂಡು ಬಂದೈತಾ?"

"ನಿಮ್ಮೂರಿಗೆ ಹಳಿ ಹಾಕಾಕೆ ಯಾರೂ ಬರ್ಲಿಲ್ಲ ನೋಡ್ರಿ, ಅದಕ್ಕೆ ಇದೇ ನಡ್ಕಂಡು ಬಂತು!"

ಬಸ್ಸಿನೊಳಗೆಲ್ಲ ನಗು. ಅದು ನಿಜವೂ ಆಗಿತ್ತು. ಹೊನ್ನಾಳಿ, ನ್ಯಾಮತಿ, ಆಚೆ ಚನ್ನಗಿರಿ, ಅವರ ಜಗಳೂರು, ಯಾವ ಊರಿಗೂ ರೈಲು ಇರಲಿಲ್ಲ. ಗೋವಿನಕೋವಿಯಲ್ಲಿದ್ದ ನನ್ನ ಸೋದರತ್ತೆ ರೈಲು ನೋಡಿದ್ದು ಅದೇ ಮೊದಲು, ಅದೂ ಲಾರಿಯ ಮೇಲೆ. ಹತ್ತಿರ ಬಂದು ತಗಡು ಮುಟ್ಟಿ, "ಇದಕ್ಕೆ ಕುಂಕುಮ ಹಚ್ಚಬೋದೇನೋ?" ಎಂದು ಕೇಳಿದರು. ಹಚ್ಚಿದರು.

ಕೇಂದ್ರದ ಹಿಂಭಾಗದಲ್ಲಿ ಮೂವತ್ತು ಅಡಿ ಹಳಿ ಹಾಸಿ, ಅದರ ಮೇಲೆ ಎಲ್ಲವನ್ನೂ ಮತ್ತೆ ಕೂಡಿಸಲು ಒಂದೂವರೆ ತಿಂಗಳು ಹಿಡಿಯಿತು. ಯಂತ್ರದಿಂದ ಚಕ್ರಕ್ಕೆ ಹೋಗುವ ಶಾಫ್ಟನ್ನು ಮಾತ್ರ ಹಾಕಲಿಲ್ಲ. ಮೂವತ್ತು ಅಡಿಯಲ್ಲಿ ಓಡುವುದಾದರೂ ಎಲ್ಲಿಗೆ? ಯಂತ್ರ ನಿಂತಲ್ಲೇ ನಡೆಯಬೇಕು, ನೋಡುವವರು ನೋಡಬೇಕು, ಅಷ್ಟೆ.

ಆ ಯಂತ್ರವನ್ನು ಜೀವಂತ ಇಡುವ ಕೆಲಸ ಮುಂದಿನ ಆರೇಳು ವರ್ಷ ನನ್ನದಾಯಿತು. ಪ್ರತಿ ಸೋಮವಾರ ಬೆಳಗ್ಗೆ ಒಂದೇ ಕ್ರಮ. ಮೊದಲು ಎಣ್ಣೆಯ ಕಡ್ಡಿ ಎಳೆದು ನೋಡುವುದು. ಆಮೇಲೆ ಕೈಪಂಪು ಒತ್ತಿ, ಗಡಿಯಾರದಂಥ ಮಾಪಕದಲ್ಲಿ ಎಣ್ಣೆಯ ಒತ್ತಡ ಏರುವ ತನಕ ಕಾಯುವುದು. ಆಮೇಲೆ ಬಾರ್ ಹಾಕುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ನಿಂತಿರುವುದು ಇದರ ಮೇಲೆ. ಪ್ರತಿ ಸಿಲಿಂಡರಿನ ತಲೆಯಲ್ಲೂ ಬೆರಳು ಗಾತ್ರದ ಒಂದು ನಲ್ಲಿ ಇರುತ್ತದೆ. ಆರೂ ನಲ್ಲಿ ತೆರೆದು, ಯಂತ್ರದ ಹಿಂಬದಿಯಲ್ಲಿರುವ ಫ್ಲೈವೀಲ್ ಎಂಬ ದೊಡ್ಡ ಚಕ್ರದ ರಂಧ್ರಕ್ಕೆ ಉದ್ದನೆಯ ಕಬ್ಬಿಣದ ಬಾರ್ ಸಿಕ್ಕಿಸಿ, ಮೈಭಾರ ಹಾಕಿ, ರಂಧ್ರದಿಂದ ರಂಧ್ರಕ್ಕೆ ಇಡೀ ಯಂತ್ರವನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸುವುದು. ಒಳಗೆ ಎಲ್ಲಾದರೂ ನೀರು ಸೇರಿದ್ದರೆ ಆ ನಲ್ಲಿಯಿಂದ ಚಿಮ್ಮುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಯಾವ ಯಂತ್ರದ ಕೈಲೂ ಆಗುವುದಿಲ್ಲ. ನೀರಿದ್ದಾಗ ಬಟನ್ ಒತ್ತಿದರೆ ಒಳಗಿನದೇ ಏನಾದರೂ ಮುರಿಯಬೇಕು. ಇಪ್ಪತ್ತು ನಿಮಿಷದ, ಬೆನ್ನು ಮುರಿಯುವ ಕೆಲಸ.

ತಿಂಗಳ ಮೊದಲ ಸೋಮವಾರ ಜಗಳೂರಿನವರು ಮೂರು ಬಸ್ಸು ಬದಲಿಸಿ ಬರುತ್ತಿದ್ದರು. ದಾವಣಗೆರೆಯಲ್ಲಿ ಇಳಿದಾಗ ಕಟ್ಟಿಸಿಕೊಂಡ ಮಂಡಕ್ಕಿ ಪೊಟ್ಟಣ ಕೈಯಲ್ಲಿ. ಬಂದವರೇ ತಗಡಿನ ಮೇಲೆ ಅಂಗೈ ಇಟ್ಟು "ಏನವ್ವಾ, ಆರಾಮಾ?" ಎನ್ನುತ್ತಿದ್ದರು. ಅವತ್ತು ಯಂತ್ರ ಚಾಲೂ ಮಾಡುವ ದಿನ. ಕ್ಯಾಬಿನಲ್ಲಿ ಕೂತು, ಬಟನ್ ಮೇಲೆ ಹೆಬ್ಬೆರಳಿಟ್ಟು, ಒತ್ತುವ ಮುಂಚೆ ಒಂದು ಸಲ ಕೇಳುತ್ತಿದ್ದರು:

"ಬಾರ್ ಹಾಕಿದ್ರಾ?"

ನಾನು ಕೆಳಗಿನಿಂದ ಹೇಳುತ್ತಿದ್ದೆ: "ಎರಡು ಸುತ್ತು, ಒಣ."

ಅದು ಅವರ ಶೆಡ್ಡಿನ ಪದ್ಧತಿ. ಉತ್ತರ ಬರದೆ ಅವರು ಒತ್ತಿದ್ದೇ ಇಲ್ಲ. ಒಂದು ಸಲ ನಾನು ಕೆಮ್ಮುತ್ತಿದ್ದೆ, ಉತ್ತರ ತಡವಾಯಿತು. ಐದು ನಿಮಿಷ ಹಾಗೇ ಕೂತಿದ್ದರು. ಬಟನ್ ಒತ್ತಿದರೆ ಯಂತ್ರ ಎರಡು ಸಲ ಗೊಣಗಿ, ಮೂರನೇ ಸಲಕ್ಕೆ ಹಿಡಿದುಕೊಳ್ಳುತ್ತಿತ್ತು. ಕಿಟಕಿಯ ಗಾಜೆಲ್ಲ ನಡುಗುತ್ತಿತ್ತು. ಪಕ್ಕದ ಗಾಣದ ಮನೆಯವರು ಆಚೆ ಬಂದು ನಿಲ್ಲುತ್ತಿದ್ದರು. ಕಾಲು ಗಂಟೆ ನಡೆಸಿ ನಿಲ್ಲಿಸಿ, ಇಬ್ಬರೂ ಲಾಗ್ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೆವು. ಎಣ್ಣೆ, ನೀರು, ಬ್ಯಾಟರಿ, ಬಾರ್, ಷರಾ ಎಂದು ನಾನೇ ಗೆರೆ ಎಳೆದುಕೊಂಡ ಪುಸ್ತಕ. ಷರಾ ಎಂಬಲ್ಲಿ ಮನಸ್ಸಿಗೆ ಬಂದದ್ದೆಲ್ಲ ಬರೆಯುತ್ತಿದ್ದೆ. 'ಹೆಡ್‌ಲೈಟಿನಲ್ಲಿ ಗುಬ್ಬಿ ಗೂಡು ಕಟ್ಟಿದೆ, ತೆಗೆದಿಲ್ಲ.' 'ಇವತ್ತು ಮಂಡಕ್ಕಿಗೆ ಖಾರ ಜಾಸ್ತಿ.' ಹೀಗೆ.

ಹೊಗೆ ಕೊಳವೆ ಆಕಾಶಕ್ಕೆ ತೆರೆದುಕೊಂಡಿತ್ತು. ಓಡುವ ಎಂಜಿನ್ನಿಗೆ ಚಿಂತೆಯಿಲ್ಲ. ನಿಂತ ಎಂಜಿನ್ನಿಗೆ ಅದರಲ್ಲಿ ಇಳಿದ ಮಳೆ ನೇರ ಸಿಲಿಂಡರಿಗೆ ಹೋಗುತ್ತದೆ. ನಾನು ಒಂದು ದೊಡ್ಡ ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ತಂತಿಯಿಂದ ಬಿಗಿದಿದ್ದೆ. ಜಗಳೂರಿನವರು ಅದಕ್ಕೆ ಟೋಪಿ ಎಂದು ಹೆಸರಿಟ್ಟಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ವರ್ಷ, ಹಿಂಭಾಗದ ಜಾಗದಲ್ಲಿ ಹೊಸ ಕಾರ್ಯಾಗಾರ ಕಟ್ಟುವ ಮಾತು ಬಂತು. ಬಳಕೆಗೆ ಬಾರದ್ದನ್ನೆಲ್ಲ ವಿಲೇವಾರಿ ಮಾಡಬೇಕು ಎಂದು ಕಾಗದ. ಪ್ರಾಂಶುಪಾಲರು ನನ್ನನ್ನು ಕರೆದು ಹೇಳಿದರು:

"ನೋಡ್ರಿ, ದಸರಾ ಆದಮೇಲೆ ಸೋಮವಾರ ಹನ್ನೊಂದಕ್ಕೆ ತಪಾಸಣೆಯವರು ಬರ್ತಾರೆ. ಯಂತ್ರ ಅವರ ಕಣ್ಣೆದುರು ಚಾಲೂ ಆದ್ರೆ ಪಾಠದ ಸಾಮಗ್ರಿ ಅಂತ ಬರೀತಾರೆ, ಜಾಗ ಬೇರೆ ಕಡೆ ನೋಡ್ತೀವಿ. ಆಗಲಿಲ್ಲ ಅಂದ್ರೆ ಗುಜರಿ. ನಡುವೆ ಇನ್ನೊಂದು ಇಲ್ಲ."

"ಆಗ್ತದೆ ಸಾರ್. ಆಗದೇ ಇದ್ದದ್ದೇ ಇಲ್ಲ" ಎಂದೆ.

ಆಯುಧಪೂಜೆಗೆ ಜಗಳೂರಿನವರು ಪ್ರತಿ ವರ್ಷದಂತೆ ಬಂದರು. ಬೆಳಗ್ಗೆ ಬಾರ್ ಹಾಕಿದ್ದೆ, ಒಣ ಇತ್ತು. ಎಂಜಿನ್ ತೊಳೆದು, ವಿಭೂತಿ ಪಟ್ಟೆ ಬಳಿದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಎತ್ತಿಕೊಂಡು ಮೇಲೆ ಹತ್ತಿದೆ. ಮಾಲೆ ಡಬ್ಬಿಯ ಮೇಲೆ ನಿಲ್ಲದೆ ಜಾರುತ್ತಿತ್ತು. ಕೆಳಗಿನಿಂದ ಅವರು ಕೂಗಿದರು:

"ಟೋಪಿ ತೆಗೀರಿ ಮಾರಾಯ್ರೇ! ದೇವರ ಮುಂದೆ ಟೋಪಿ ಹಾಕ್ಕಂಡು ನಿಂತ್ರೆ ಹೆಂಗೆ?"

ನಗುತ್ತಲೇ ತಂತಿ ಬಿಚ್ಚಿದೆ. ಡಬ್ಬಿಯನ್ನು ಕ್ಯಾಬಿನೊಳಗೆ ಇಟ್ಟೆ. ಕೊಳವೆಯ ಕುತ್ತಿಗೆಗೆ ಮಾಲೆ ಸೊಗಸಾಗಿ ಕೂತಿತು. ಕುಂಬಳಕಾಯಿ ಒಡೆದೆವು. ಆಮೇಲೆ ನಮ್ಮಲ್ಲಿ ಎಲ್ಲರೂ ಮಾಡುವಂತೆ ಸ್ಪ್ಯಾನರು, ಸುತ್ತಿಗೆ, ಬಾರ್, ಕ್ಯಾಬಿನ ಕೀಲಿ, ಗೇಟಿನ ಕೀಲಿ ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಮನೆಗೆ ತಂದು ದೇವರ ಮುಂದೆ ಸಾಲಾಗಿ ಇಟ್ಟೆ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ಮಂಗಳಾರತಿ ಆಗುವ ತನಕ ಎತ್ತುವಂತಿಲ್ಲ. ನನ್ನ ಅಪ್ಪ ಕುಡುಗೋಲು ಎತ್ತುತ್ತಿರಲಿಲ್ಲ, ನಾನು ಸ್ಪ್ಯಾನರ್ ಎತ್ತುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಳೆ ಹನಿಯಿತು. ನಾನು ಹೋಳಿಗೆಯ ತಟ್ಟೆ ಬಿಟ್ಟು ಎದ್ದೆ.

"ಎಲ್ಲಿಗ್ರಿ?" ಎಂದಳು ಹೆಂಡತಿ.

"ಕೊಳವೆಗೆ ಡಬ್ಬಿ ಹಾಕಿಲ್ಲ. ಕೀಲಿ ಬೇಕು."

"ಪೂಜೆಗಿಟ್ಟಿದ್ದನ್ನ ಈಗ ಎತ್ತಾಕೆ ಬರ್ತೈತೇನ್ರಿ? ನಾಲ್ಕು ಹನಿ ಉದುರಿ ಹೋಗ್ತಾವೆ ಬಿಡ್ರಿ. ಬೆಳಗ್ಗೆ ಎತ್ಕಂಡು ಹೋಗೀರಂತೆ."

ತಪ್ಪನ್ನು ಅವಳ ಮೇಲೆ ಹಾಕುವುದಿಲ್ಲ. ಅವಳು ಹೇಳದಿದ್ದರೂ ನನ್ನ ಕೈ ಆ ಬುಟ್ಟಿಗೆ ಹೋಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕೂತು ಊಟ ಮುಗಿಸಿದೆ. ಮಳೆ ನಾಲ್ಕು ಹನಿಗೆ ನಿಲ್ಲಲಿಲ್ಲ. ಬೆಳಗ್ಗೆ ನೋಡಿದರೆ ಅಂಗಳದ ಬಿಂದಿಗೆ ಅರ್ಧ ತುಂಬಿತ್ತು.

ಮಂಗಳಾರತಿ ಆದ ತಕ್ಷಣ ಓಡಿದೆ. ಮಾಲೆ ನೆಂದು ಜೋತುಬಿದ್ದಿತ್ತು. ಅದನ್ನು ತೆಗೆದು, ಕೊಳವೆಯ ಬಾಯಿ ಒರೆಸಿ, ಡಬ್ಬಿ ಬಿಗಿದೆ. ಹೊರಗೆ ಏನೂ ಕಾಣಲಿಲ್ಲ. ಒಳಗಿನದು ಬಾರ್ ಹಾಕಿದರೆ ತಾನೇ ಗೊತ್ತಾಗುವುದು? ಹಬ್ಬದ ದಿನ, ಬನ್ನಿ ಕೊಡಲು ಜನ ಮನೆಗೆ ಬರುವವರಿದ್ದರು. ಸೋಮವಾರ ಹೇಗೂ ಬಾರ್ ಹಾಕಲೇಬೇಕು, ಆಗ ನೋಡಿದರಾಯಿತು ಎಂದುಕೊಂಡೆ. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಸೋಮವಾರ ಬಾರ್ ಹಾಕಿದ್ದರೆ ನೀರು ಚಿಮ್ಮುತ್ತಿತ್ತು, ಬತ್ತಿಸಿ ಒಣಗಿಸುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಜಗಳೂರಿನವರು ಹಬ್ಬ ಮುಗಿಸಿಕೊಂಡು ಭಾನುವಾರವೇ ಮತ್ತೆ ಬಂದು ನಮ್ಮ ಮನೆಯಲ್ಲಿ ಉಳಿದರು. ಸೋಮವಾರ ಎಂಟಕ್ಕೆಲ್ಲ ಇಬ್ಬರೂ ಕೇಂದ್ರದಲ್ಲಿದ್ದೆವು. ಅವರು ಇಸ್ತ್ರಿ ಮಾಡಿದ ಖಾಕಿ ತೊಟ್ಟಿದ್ದರು. ನಾನು ಎಣ್ಣೆ ನೋಡಿದೆ, ಪಂಪು ಒತ್ತಿದೆ, ಬಾರ್ ಕೈಗೆತ್ತಿಕೊಂಡೆ. ಆಗ ಗೇಟಿನಲ್ಲಿ ಜೀಪು. ಹನ್ನೊಂದಕ್ಕೆ ಬರಬೇಕಾದವರು ಎಂಟೂವರೆಗೇ ಬಂದಿದ್ದರು. ಮಧ್ಯಾಹ್ನ ಅವರಿಗೆ ಬೇರೆಲ್ಲೋ ಹೋಗಬೇಕಿತ್ತಂತೆ. ಪ್ರಾಂಶುಪಾಲರು ಕೈಬೀಸಿ ಕರೆದರು. ಬಾರನ್ನು ಗೋಡೆಗೆ ಒರಗಿಸಿ ಹೋಗಿ ನಮಸ್ಕಾರ ಮಾಡಿದೆ. ರಿಜಿಸ್ಟರು ತೋರಿಸಿದೆ, ಟೀ ಕೊಟ್ಟೆವು. ಅಧಿಕಾರಿ ಮೃದು ಸ್ವಭಾವದವರು. ಲಾಗ್ ಪುಸ್ತಕ ತಿರುವಿ, ಗುಬ್ಬಿಯ ಷರಾ ಓದಿ ನಕ್ಕರು.

"ಚೆನ್ನಾಗಿಟ್ಟುಕೊಂಡಿದ್ದೀರಿ. ಎಲ್ಲಿ, ಒಮ್ಮೆ ಕೇಳಿಸಿಬಿಡಿ, ಬರೆದುಕೊಂಡು ಹೊರಡ್ತೀನಿ" ಎಂದರು.

"ಇಪ್ಪತ್ತು ನಿಮಿಷ ಸಾರ್..." ಎಂದೆ.

ಪ್ರಾಂಶುಪಾಲರು ನನ್ನ ಮೊಣಕೈ ಮುಟ್ಟಿದರು. "ಅವರಿಗೆ ಹೊತ್ತಿಲ್ಲ ಕಣ್ರೀ. ಶುರು ಮಾಡ್ಸಿ, ಶುರು ಮಾಡ್ಸಿ."

ಜಗಳೂರಿನವರು ಅದಾಗಲೇ ಕ್ಯಾಬಿನಲ್ಲಿದ್ದರು. ನಾನು ನಲ್ಲಿಗಳ ಪಕ್ಕಕ್ಕೆ ಬಂದು ನಿಂತೆ. ಬಾರ್ ಗೋಡೆಗೆ ಒರಗಿದ್ದು ಕಣ್ಣಿಗೆ ಬೀಳುತ್ತಿತ್ತು. ಮಳೆ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಅದರ ಹಿಂದೆಯೇ, ಪೂಜೆಯ ದಿನ ಒಣ ಇತ್ತಲ್ಲ, ಆಮೇಲೆ ಡಬ್ಬಿ ಹಾಕಿದೆನಲ್ಲ ಎಂಬುದೂ ಬಂತು. ಮೇಲಿನಿಂದ ದನಿ ಬಂತು:

"ಬಾರ್ ಹಾಕಿದ್ರಾ?"

"ಎರಡು ಸುತ್ತು, ಒಣ" ಎಂದೆ.

ನಾಲಿಗೆಗೆ ಅಭ್ಯಾಸವಾಗಿದ್ದ ಮಾತು. ಏಳು ವರ್ಷದಲ್ಲಿ ಅವರು ಆ ಉತ್ತರದ ಮೇಲೆ ಸಂಶಯ ಪಟ್ಟಿರಲಿಲ್ಲ. ಒತ್ತಿದರು.

ಒಂದು ಸಲ ಗೊಣಗಿತು. ಎರಡನೆಯ ಸಲಕ್ಕೇ ಹಿಡಿದುಕೊಂಡಿತು, ಎಂದಿಗಿಂತ ಬೇಗ. ಪ್ರಾಂಶುಪಾಲರ ಮುಖ ಅರಳಿದ್ದು ಕಂಡೆ. ಅದರ ಮುಂದಿನ ಕ್ಷಣ ಒಳಗಿನಿಂದ ದಡ್ ಎಂದು ಒಂದು ಸದ್ದು. ಬಂಡೆಗೆ ಬಂಡೆ ಬಡಿದ ಹಾಗೆ. ಇಡೀ ಒಡಲು ಹಳಿಯ ಮೇಲೆ ಒಮ್ಮೆ ಅದುರಿ ನಿಂತಿತು. ಹೆಡ್‌ಲೈಟಿನಿಂದ ಗುಬ್ಬಿ ಹಾರಿ ಹೋಯಿತು.

ಪಕ್ಕದ ಮುಚ್ಚಳ ತೆಗೆದಾಗ ಗೊತ್ತಾಯಿತು. ನಾಲ್ಕನೆಯ ಸಿಲಿಂಡರಿನ ಕೆಳಗೆ, ಯಂತ್ರದ ಗೋಡೆಯಲ್ಲಿ ಅಂಗೈ ಅಗಲದ ತೂತು. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿ ಮುರಿದು ಅದರಿಂದ ಈಚೆ ಇಣುಕಿತ್ತು. ಎಣ್ಣೆ ಸುರಿಯುತ್ತಿತ್ತು. ಕಪ್ಪು ಎಣ್ಣೆಯಲ್ಲ, ಹಾಲು ಬೆರೆಸಿದ ಟೀಯಂಥ ಬಣ್ಣದ್ದು. ನೀರು ಬೆರೆತರೆ ಹಾಗಾಗುತ್ತದೆ ಎಂದು ನಾನೇ ವರ್ಷಾ ವರ್ಷ ಪಾಠ ಮಾಡುತ್ತಿದ್ದೆ.

ಅಧಿಕಾರಿ "ಪಾಪ, ಹಳೇ ಯಂತ್ರ" ಎಂದಷ್ಟೇ ಹೇಳಿ, ಕಾಗದಕ್ಕೆ ಬರೆದುಕೊಂಡು ಹೋದರು. ಜಗಳೂರಿನವರು ತುಂಬ ಹೊತ್ತು ಇಳಿಯಲಿಲ್ಲ. ಮೇಲೆ ಹತ್ತಿ ನೋಡಿದರೆ ಹೆಬ್ಬೆರಳು ಇನ್ನೂ ಬಟನ್ನಿನ ಮೇಲಿತ್ತು.

"ನನ್ನ ಕೈಯಾಗೇ ಹೋತಲ್ರಿ" ಎಂದರು. "ಜಾಸ್ತಿ ಹೊತ್ತು ಒತ್ತಿದ್ನಾ? ಬ್ಯಾಗ ಬಿಡ್ಬೇಕಾಗಿತ್ತಾ? ಹದಿನೆಂಟು ವರ್ಷ ಒಂದು ಸಲಾನೂ ಹಿಂಗೆ ಮಾಡಿಲ್ಲ ನಾನು."

ಆಗ ಹೇಳಬೇಕಿತ್ತು. ಊಟಕ್ಕೆ ಬನ್ನಿ ಎಂದೆ. ಅವರು ಒಲ್ಲೆನೆಂದು, ಹನ್ನೆರಡರ ಬಸ್ಸಿಗೆ ಹೊರಟು ಹೋದರು.

ಮಧ್ಯಾಹ್ನ ಪ್ರಾಂಶುಪಾಲರು ಕರೆದರು. "ವರದಿಗೆ ಲೋಹ ಸವೆದು ಮುರಿಯಿತು ಅಂತ ಬರೀರಿ. ಸುಳ್ಳೇನಲ್ಲ, ಹಳೇದೇ ತಾನೆ? ನಿಮಗೂ ತೊಂದರೆ ಇಲ್ಲ, ನನಗೂ ಇಲ್ಲ."

ಲಾಗ್ ಪುಸ್ತಕ ಎದುರಿಗಿತ್ತು. ಆ ದಿನದ ಸಾಲಿನಲ್ಲಿ ಎಣ್ಣೆ ಸರಿ, ನೀರು ಸರಿ, ಬ್ಯಾಟರಿ ಸರಿ ಎಂದು ಬೆಳಗ್ಗೆಯೇ ಬರೆದಿದ್ದೆ. ಬಾರ್ ಎಂಬ ಮನೆ ಖಾಲಿ. ಒಂದು ಸರಿ ಗುರುತು ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗೆ ಹಾಕಿದರೆ ತಪ್ಪು ಬಟನ್ ಒತ್ತಿದವರದಾಗಿ ಉಳಿಯುತ್ತದೆ. ಪುಸ್ತಕದಲ್ಲಿ ಅಲ್ಲದಿದ್ದರೂ ಜಗಳೂರಿನಲ್ಲಿ. ನಾನು ಬರೆದೆ: 'ಬಾರ್ ಹಾಕಿಲ್ಲ. ಪೂಜೆಯ ದಿನ ಕೊಳವೆಯ ಡಬ್ಬಿ ತೆಗೆದು ಮರಳಿ ಹಾಕದೆ ಮಳೆನೀರು ಒಳಗೆ ಹೋಗಿದೆ. ಕೇಳಿದಾಗ ಹಾಕಿದ್ದೇನೆ ಎಂದು ಹೇಳಿದೆ.' ಕೆಳಗೆ ಸಹಿ. ಪ್ರಾಂಶುಪಾಲರು ಓದಿ, ಕನ್ನಡಕ ತೆಗೆದು, ಪುಸ್ತಕ ಮುಚ್ಚಿದರು. ಮುಂದೆ ನನಗೊಂದು ನೋಟೀಸು ಬಂತು, ಉತ್ತರ ಕೊಟ್ಟೆ. ಅದು ದೊಡ್ಡದಲ್ಲ.

ವಿಲೇವಾರಿಯ ಕಾಗದ ಬರಲು ಇನ್ನೂ ಸಮಯವಿತ್ತು. ನಾನು ಸುಮ್ಮನೆ ಕೂರಲಿಲ್ಲ. ಗೊತ್ತಿದ್ದ ಶೆಡ್ಡುಗಳಿಗೆಲ್ಲ ರಾಡಿಗಾಗಿ ಬರೆದೆ. ಆ ಜಾತಿಯ ಯಂತ್ರ ಈಗ ಎಲ್ಲೂ ಇಲ್ಲ ಎಂದು ಎರಡು ಕಡೆಯಿಂದ ಉತ್ತರ ಬಂತು. ಉಳಿದವರು ಬರೆಯಲಿಲ್ಲ. ರಾಡನ್ನು ಹೇಗಾದರೂ ಕಡೆಸಬಹುದು, ಮೊದಲು ಗೋಡೆಯ ತೂತು ಮುಚ್ಚಬೇಕು ಎಂದು ಚನ್ನಗಿರಿಯಿಂದ ಒಬ್ಬ ವೆಲ್ಡಿಂಗಿನವರನ್ನು ಕರೆಸಿದೆ. ಸಾಸ್ವೆಹಳ್ಳಿ ಕಡೆಯ ಪಂಪ್‌ಸೆಟ್ಟುಗಳಿಗೆಲ್ಲ ಅವರದೇ ಕೈ. ತೂತಿನ ಸುತ್ತ ಬೆರಳಾಡಿಸಿ ತಲೆ ಅಲ್ಲಾಡಿಸಿದರು.

"ಬೀಡು ಕಬ್ಬಿಣ ಸಾರ್. ಉಕ್ಕಾಗಿದ್ರೆ ಬೇರೆ ಮಾತು. ಇದು ಗಾಜಿದ್ದಂಗೆ, ಕಾಯ್ಸಿದ್ರೆ ಒಂದು ಕಡೆ ಕೂಡ್ತೈತೆ, ಇನ್ನೊಂದು ಕಡೆ ಬಿಡ್ತೈತೆ."

"ಆದರೂ ನೋಡಿ."

"ನೋಡ್ತೀನಿ. ಆಮೇಲೆ ನನ್ನ ಬೈಬ್ಯಾಡ್ರಿ."

ಸುತ್ತ ಇದ್ದಿಲು ಪೇರಿಸಿ ಒಂದು ಹಗಲೆಲ್ಲ ನಿಧಾನಕ್ಕೆ ಕಾಯಿಸಿದೆವು. ಒಂದೊಂದೇ ಇಂಚು ಬೆಸುಗೆ ಹಾಕಿ, ಬೂದಿ ಮುಚ್ಚಿ, ಗೋಣಿ ಹೊದಿಸಿ ತಣಿಯಲು ಬಿಟ್ಟೆವು. ಮಾರನೆಯ ಬೆಳಗ್ಗೆ ಗೋಣಿ ತೆಗೆದಾಗ ತೇಪೆ ಚೆನ್ನಾಗಿಯೇ ಇತ್ತು. ಇಬ್ಬರೂ ಬೀಡಿ ಹಚ್ಚಿ ಕೂತೆವು. ಬೀಡಿ ಅರ್ಧ ಆಗಿರಲಿಲ್ಲ, ಟಿಣ್ ಎಂದು ಹಿತ್ತಾಳೆಯ ಲೋಟ ಬಿದ್ದಂಥ ಸದ್ದು. ತೇಪೆಯ ಅಂಚಿನಿಂದ ಹೊರಟ ಬಿರುಕು ಐದನೆಯ ಸಿಲಿಂಡರನ್ನು ದಾಟಿ ಆರನೆಯದರ ತನಕ ಹೋಗಿತ್ತು. ಅವರು ಬೀಡಿ ಕೆಡಿಸಿದರು.

ಮುಂದಿನ ಭಾನುವಾರ ಜಗಳೂರಿಗೆ ಹೋದೆ. ಅವರು ಅಷ್ಟು ವರ್ಷ ಬದಲಿಸುತ್ತಿದ್ದ ಮೂರು ಬಸ್ಸು ನಾನು ಬದಲಿಸಿದ್ದು ಅದೇ ಮೊದಲು. ತಮ್ಮಂದಿರ ಸಂಸಾರ ಎಲ್ಲ ಕೂಡಿದ ತುಂಬಿದ ಮನೆ. ಅಂಗಳದಲ್ಲಿ ಕಡಲೆಕಾಯಿ ಹರವಿತ್ತು. ಅವರು ಜಗುಲಿಯಲ್ಲಿ ಯಾರದೋ ಸೀಮೆಎಣ್ಣೆ ಸ್ಟವ್ ಬಿಚ್ಚಿಕೊಂಡು ಕೂತಿದ್ದರು.

"ಬರ್ರಿ, ಬರ್ರಿ. ಏನಾದ್ರೂ ಸಿಕ್ತಾ?" ಎಂದರು. ರಾಡ್ ಸಿಕ್ಕಿತೇ ಎಂದು ಅವರ ಪ್ರಶ್ನೆ; ನಾನು ಶೆಡ್ಡುಗಳಿಗೆ ಬರೆದ ಸುದ್ದಿ ಹಳೆಯ ಜೊತೆಗಾರರಿಂದ ಅವರಿಗೆ ತಲುಪಿತ್ತು.

ಕೂತು ಎಲ್ಲವನ್ನೂ ಹೇಳಿದೆ. ಡಬ್ಬಿ, ಮಳೆ, ಕೀಲಿಯ ಬುಟ್ಟಿ, ಗೋಡೆಗೆ ಒರಗಿದ್ದ ಬಾರ್. ಅವರು ಪಿನ್ನಿನಿಂದ ಸ್ಟವ್ವಿನ ಕಣ್ಣು ಚುಚ್ಚುತ್ತಲೇ ಇದ್ದರು. ನಾನು ಮುಗಿಸಿದ ಮೇಲೂ ಚುಚ್ಚುತ್ತಿದ್ದರು.

"ನಾನು ಕೇಳಿದ್ನಲ್ರಿ" ಎಂದರು ಕೊನೆಗೆ. ಸಿಟ್ಟಿನ ದನಿಯಲ್ಲ.

"ಕೇಳಿದ್ರಿ."

"ನೀವು ಒಣ ಅಂದ್ರಿ."

"ಅಂದೆ."

ಸ್ಟವ್ವಿಗೆ ಗಾಳಿ ಹೊಡೆದರು. ಕಡ್ಡಿ ಗೀರಿದರು. ನೀಲಿ ಉರಿ ಬಂದದ್ದನ್ನು ನೋಡಿ ಆರಿಸಿದರು. "ಟೋಪಿ ತೆಗೀರಿ ಅಂದೋನು ನಾನೇ ಅಲ್ವಾ" ಎಂದರು. ನಾನು ಏನೋ ಹೇಳಹೋದೆ, ಕೈ ಅಡ್ಡ ಹಿಡಿದರು. "ಊಟ ಮಾಡ್ಕಂಡು ಹೋಗ್ರಿ."

ಊಟ ಮಾಡಿದೆ. ರೊಟ್ಟಿ, ಶೇಂಗಾ ಚಟ್ನಿ. ಬಸ್ ನಿಲ್ದಾಣದ ತನಕ ಬಂದರು. ಬಸ್ಸು ಹೊರಡುವಾಗ ಒಂದೇ ಮಾತು ಕೇಳಿದರು: "ಕುಯ್ಯಾಕೆ ಯಾವತ್ತು ಬರ್ತಾರೆ, ಒಂದು ಕಾರ್ಡು ಹಾಕ್ರಿ."

ಬೇಸಿಗೆಗೆ ಮುಂಚೆ ಆ ದಿನ ಬಂತು. ಸೋಮವಾರವೇ. ಗುಜರಿ ಹಿಡಿದವರು ಕತ್ತರಿಸುವ ಕೆಲಸಕ್ಕೆ ಕಳಿಸಿದ್ದು ಚನ್ನಗಿರಿಯ ಅದೇ ವೆಲ್ಡಿಂಗಿನವರನ್ನು. ಗ್ಯಾಸ್ ಸಿಲಿಂಡರುಗಳನ್ನು ಗಾಡಿಯಿಂದ ಇಳಿಸುತ್ತಾ ನನ್ನ ಮುಖ ನೋಡಲಿಲ್ಲ.

"ಕೂಡ್ಸಾಕೆ ಕರೆದಿದ್ರಿ, ಆಗ್ಲಿಲ್ಲ. ಈಗ ಇದಕ್ಕೆ ಬಂದೀನಿ. ನಾನು ಬರ್ದಿದ್ರೆ ಇನ್ಯಾರೋ ಬರ್ತಿದ್ರು ಸಾರ್."

"ನೀವೇ ಬಂದದ್ದು ಒಳ್ಳೇದಾಯ್ತು" ಎಂದೆ. ಹಾಗೆಯೇ ಅನಿಸಿತ್ತು.

ಅವರು ಎಂಜಿನ್ನಿಗೆ ಊದುಬತ್ತಿ ಹಚ್ಚಿ, ಕೈಮುಗಿದು, ಟಾರ್ಚ್ ಹೊತ್ತಿಸಲು ಕಡ್ಡಿ ತೆಗೆಯುವಾಗ ಗೇಟಿನಲ್ಲಿ ಖಾಕಿ ಕೋಟು ಕಂಡಿತು. ಕೈಯಲ್ಲಿ ಮಂಡಕ್ಕಿ ಪೊಟ್ಟಣ ಇರಲಿಲ್ಲ. ತಗಡಿನ ಮೇಲೆ ಅಂಗೈ ಇಟ್ಟರು, ಆದರೆ ಮಾತಾಡಿಸಲಿಲ್ಲ.

"ಒಂದು ಅರ್ಧ ಗಂಟೆ ಕೊಡ್ತೀರೇನಪ್ಪಾ?"

"ಇಡೀ ದಿನ ತಗೊಳ್ರಿ ಯಜಮಾನ್ರೇ" ಎಂದು ಚನ್ನಗಿರಿಯವರು ಕಡ್ಡಿಪೆಟ್ಟಿಗೆಯನ್ನು ಜೇಬಿಗಿಟ್ಟರು.

ಜಗಳೂರಿನವರು ಮೂರು ಮೆಟ್ಟಿಲು ಹತ್ತಿ ತಮ್ಮ ಜಾಗದಲ್ಲಿ ಕೂತರು. ನಾನು ಕೆಳಗೆ ನಿಂತಿದ್ದೆ. ಬ್ಯಾಟರಿ ಬಿಚ್ಚಿ ಒಯ್ದು ತಿಂಗಳುಗಳಾಗಿತ್ತು. ಯಂತ್ರದ ಗೋಡೆ ಇಬ್ಭಾಗ. ಅದು ಅವರಿಗೂ ಗೊತ್ತಿತ್ತು. ಕಿಟಕಿಯಿಂದ ದನಿ ಬಂತು, ಪ್ರತಿ ಸಲ ಬರುತ್ತಿದ್ದಂತೆಯೇ, ಸ್ವಲ್ಪವೂ ಬೇರೆಯಾಗದೆ:

"ಬಾರ್ ಹಾಕಿದ್ರಾ?"

"ಇಲ್ಲ" ಎಂದೆ.

"ಹಾಕ್ರಿ ಮತ್ತೆ."

ಬಾರ್ ತಂದೆ. ಎಣ್ಣೆಯ ಕಡ್ಡಿ ಎಳೆದು ನೋಡಿದೆ, ಒಣಗಿತ್ತು. ಪಂಪು ಒತ್ತಿದೆ, ಮಾಪಕ ಏಳಲಿಲ್ಲ. ಆರೂ ನಲ್ಲಿ ತೆರೆದೆ. 'ಬೇಡ' ಎಂದು ಅವರು ಹೇಳಿಯಾರೇನೋ ಎಂದು ನಡುವೆ ನಿಂತೆ. ಹೇಳಲಿಲ್ಲ. ಚಕ್ರದ ರಂಧ್ರಕ್ಕೆ ಬಾರ್ ಸಿಕ್ಕಿಸಿ ಮೈಭಾರ ಹಾಕಿದೆ. ಕೂದಲೆಳೆಯಷ್ಟೂ ಕದಲಲಿಲ್ಲ. ಇನ್ನೊಂದು ರಂಧ್ರಕ್ಕೆ ಹಾಕಿದೆ. ಚನ್ನಗಿರಿಯವರು ಬಂದು ನನ್ನ ಕೈಯ ಪಕ್ಕ ತಮ್ಮ ಕೈ ಇಟ್ಟರು. ಇಬ್ಬರೂ ಜೋತುಬಿದ್ದೆವು. ಬಾರ್ ಬಾಗಿತು, ಚಕ್ರ ಕದಲಲಿಲ್ಲ.

ಮೇಲೆ ಜಗಳೂರಿನವರು ಕಾಯುತ್ತಿದ್ದರು. ಹೆಬ್ಬೆರಳು ಬಟನ್ನಿನ ಮೇಲಿತ್ತು.

"ಹಾಕಿದೆ" ಎಂದು ಕೂಗಿದೆ. "ತಿರುಗಲಿಲ್ಲ."

"ಬರ್ಕಳ್ರಿ" ಎಂದರು.

ಲಾಗ್ ಪುಸ್ತಕ ತಂದು ಕ್ಯಾಬಿನ ನೆಲದ ಮೇಲಿಟ್ಟು, ಮೆಟ್ಟಿಲಲ್ಲಿ ನಿಂತೇ ಬರೆದೆ. ಎಣ್ಣೆ ಇಲ್ಲ, ನೀರು ಇಲ್ಲ, ಬ್ಯಾಟರಿ ಇಲ್ಲ. ಬಾರ್: ಹಾಕಿದೆ, ತಿರುಗಲಿಲ್ಲ. ಅವರು ಪುಸ್ತಕ ತೊಡೆಯ ಮೇಲೆ ಎಳೆದುಕೊಂಡು ಎರಡು ಪುಟ ಹಿಂದಕ್ಕೆ ಹೋಗಿ, ದಸರೆಯ ಆ ಸೋಮವಾರದ ಸಾಲನ್ನು ಓದಿದರು. ಅವತ್ತು ಅವರು ಸಹಿ ಹಾಕದೆ ಹೋಗಿದ್ದರು. ನನ್ನ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಈಗ ಸಹಿ ಹಾಕಿದರು. ಮುಂದಕ್ಕೆ ತಿರುವಿ ಇವತ್ತಿನದಕ್ಕೂ ಹಾಕಿದರು. ಪೆನ್ನಿನ ಮುಚ್ಚಳ ಹಾಕಿ, ಪುಸ್ತಕದೊಳಗಿಟ್ಟು, ನನ್ನ ಕೈಗೆ ಕೊಟ್ಟರು.

ಆಮೇಲೆ ಇಳಿದರು. ಡ್ರೈವರುಗಳು ಎಂಜಿನ್ನಿಗೆ ಬೆನ್ನು ಹಾಕಿ ಇಳಿಯುವುದಿಲ್ಲ. ಎರಡೂ ಕಡೆಯ ಕಂಬಿ ಹಿಡಿದು, ಮುಖ ಅದರ ಕಡೆಗೇ ಇಟ್ಟುಕೊಂಡು, ಒಂದೊಂದೇ ಮೆಟ್ಟಿಲು. ನೆಲಕ್ಕೆ ಕಾಲು ತಾಗಿದ ಮೇಲೂ ಕಂಬಿಯನ್ನು ಬಿಟ್ಟಿರಲಿಲ್ಲ. ಚನ್ನಗಿರಿಯವರು ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು, ಅವರು ಬಿಡುವ ತನಕ ಕಾದರು.